ಅಮ್ಮ ಬೇಡ ಅಂದ್ಲು

ಹಲ್ಲಿನ ಆಸ್ಪತ್ರೆಯ ಬೆಂಚಿನ ಮೇಲೆ ಊದಿದ ಕೆನ್ನೆ ಹಿಡಿದು ಕೂತಿದ್ದ ದರ್ಜಿಯಮ್ಮನಿಗೆ ಬಾಯಿ ತೆರೆಯಲು ಆಗುತ್ತಿರಲಿಲ್ಲ, ಕಿವಿಗೇನೂ ಬಾಧೆಯಿರಲಿಲ್ಲ. ಪಕ್ಕದಲ್ಲಿ ಒಬ್ಬ ತಾಯಿ, ಹನ್ನೆರಡರ ಮಗಳು, ಇಬ್ಬರ ನಡುವೆ ಒಂದು ಫೋನು.

“ಅಮ್ಮಾ, ಈ ಆಪ್‌ನೋರು ಹೊಸ ರೂಲ್ಸ್ ಕಳ್ಸಿದ್ದಾರೆ. ನನ್ನ ವಯಸ್ಸಿನೋರಿಗೆ ಅಪ್ಪ ಅಮ್ಮ ಒಪ್ಪಬೇಕಂತೆ.”

“ಒಪ್ಪದಿದ್ರೆ?”

“ನನ್ನ ಫೋಟೋ, ಸ್ಕೂಲು, ಮನೆ ವಿಳಾಸ ಎಲ್ಲಾ ಅಳಿಸಿಬಿಡ್ತಾರೆ.”

“ಸರಿ ಕೊಡು. ಎಲ್ಲಿ ಒತ್ಲಿ?”

“ಕೆಳಗಡೆ ‘ಒಪ್ಪಲ್ಲ’ ಅಂತ ಇದೆಯಲ್ಲ, ಅದನ್ನ.”

ತಾಯಿ ಮಗಳ ಮುಖ ನೋಡಿದಳು.

“ಊಟ ಬಿಟ್ಟು ಹಟ ಮಾಡಿ ಹಾಕಿಸ್ಕೊಂಡಿದ್ದು ನೀನೇ ಅಲ್ವೇನೇ?”

“ಗೊತ್ತಿಲ್ದೋರೆಲ್ಲಾ ಮನೆ ಎಲ್ಲಿ ಅಂತ ಕೇಳ್ತಾರೆ. ನಾನಾಗೇ ಬಿಟ್ರೆ ಗೆಳತೀರು ಪುಕ್ಕಲಿ ಅಂತಾರೆ. ಅಮ್ಮ ಬೇಡ ಅಂದ್ಲು ಅಂತ ಹೇಳ್ತೀನಿ.”

“ಹೇಳು. ಚೆನ್ನಾಗಿ ಬೈದ್ಲು ಅಂತಾನೂ ಸೇರ್ಸು.”

ತಾಯಿ ಒತ್ತಿದಳು. ಮಗಳು ಉಸ್ಸಪ್ಪಾ ಎಂದು ಗೋಡೆಗೊರಗಿದಳು.

“ನಿನ್ನ ರಾಕ್ಷಸಿ ಅನ್ಕೋತಾರಮ್ಮ.”

“ಅನ್ಕೊಳ್ಳಲಿ ಬಿಡು. ನಿಮ್ಮ ಗುಂಪಿನ ಬಾಯಿಬಡುಕಿ ಇದ್ದಾಳಲ್ಲ, ಅವಳಮ್ಮನೂ ನಿನ್ನೆಯಿಂದ ರಾಕ್ಷಸೀನೇ. ಅವಳೂ ಅಮ್ಮನ ಕೈಲಿ ಹೀಗೇ ಒತ್ತಿಸ್ಕೊಂಡ್ಲಂತೆ.”

“ಅವಳೂನಾ?”

ಒಳಗಿಂದ ಕರೆದರು. ಮಗಳು ನಗುತ್ತಲೇ ಎದ್ದುಹೋದಳು, ಹಿಂದೆ ತಾಯಿ. ದರ್ಜಿಯಮ್ಮನೂ ನೋವು ಮರೆತು ಹಲ್ಲುಬಿಟ್ಟಳು. ತಕ್ಷಣ ಕೆನ್ನೆ ಹಿಡಿದುಕೊಂಡಳು.