ಇಪ್ಪತ್ತು ಚೀಲ ಬರಕೋರಿ

ಇಲ್ರಿ ಸಾಹೇಬ್ರ, ಇಲ್ರಿ, ಹಿತ್ತಲದಾಗ ಏನೂ ಇಲ್ರಿ! ಕೂಡ್ರಿ ನೀವು... ಇಲ್ಲೇ, ಈ ಕಂಬಳಿ ಮ್ಯಾಲ ಕೂಡ್ರಿ. ಹಗೇವು ಅದ ಅಂತ ಯಾರು ಹೇಳಿದ್ರು ನಿಮಗ? ಹೊರಗ ಕಟ್ಟಿ ಮ್ಯಾಲ ಕುಂತಾನಲ್ಲ, ನನ್ನ ಮೈದುನ ಪಂಪಣ್ಣ, ಅವನ ಹೇಳ್ಯಾನ, ಹೌದಲ್ಲ? ಅದ ಖರೆ, ಇಲ್ಲಂತ ಯಾರಂತಾರ. ನಮ್ಮ ಮಾವನೋರು ತೋಡಿಸಿದ್ದು. ಆಗ ನೆಲದಾಗ ಇಪ್ಪತ್ತು ಚೀಲ ಜ್ವಾಳ ಸುರುವಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿಬಿಟ್ರ ಎರಡು ವರ್ಷ ಹೊಳ್ಳಿ ನೋಡೂ ಹಂಗಿದ್ದಿಲ್ಲ. ಈಗ ಬರೇ ತೆಗ್ಗು. ತೆಗ್ಗು ನೋಡಿ ಏನ್ ಮಾಡ್ತೀರಿ?

ಮಜ್ಜಿಗಿ ಕುಡೀರಿ. ಕುಡೀರಿ ಯಪ್ಪಾ... ಸೆರಗು? ಮೈತುಂಬ ಯಾಕ ಹೊದ್ದಿ ಅಂತೀರಾ? ಚಳಿ ಬಂದದ, ಅಷ್ಟ. ಯಾಕ ನಗತೀರಿ? ಇಂಥ ಬಿಸಲಾಗ ಚಳಿ ಬರಬಾರದು ಅಂತ ಹೊಸ ಸರಕಾರದ ಕಾಯದಾ ಅದ ಏನು?

ಸಿಟ್ಟಿಲ್ರಿ, ಸಿಟ್ಟಲ್ಲ. ಗಂಡ ಇಲ್ಲದ ಮನಿಗೆ ಹೊಲದ ಪಟ್ಟಿ ಕೇಳಾಕ ಗಿರ್ದಾವರ ಬಂದ್ರ ಹೆಣಮಗಳಿಗೆ ಅಂಜಿಕಿ ಆಗ್ತದ. ನಮ್ಮ ಮನ್ಯಾವ್ರು ಇದ್ದಾಗ ನಿಮ್ಮಂಥವ್ರು ಬಂದ್ರ ನಾ ಒಳಗ ಹೋಳಿಗಿ ಮಾಡ್ಕೋತ ಕುಂದರತಿದ್ದೆ, ಮಾತೆಲ್ಲಾ ಅವರದು. ಪಟೇಲಕಿ ಮಾಡಿದವ್ರು. ಊರ ಪಟ್ಟಿ ಅವರ ಕೈಲೇ ವಸೂಲಾಗ್ತಿತ್ತು. ಅವರು ಹೋಗಿ ಒಂದು ವರ್ಷ ಆತು. ಈಗ ಆ ಮಾತೆಲ್ಲಾ ನಾ ಆಡಬೇಕು, ನನಗ ಬರಂಗಿಲ್ಲ.

ಏನ್ ಕೇಳಾಕತ್ತಿದ್ರಿ? ಹಾಂ, ಅಂದಾಜು. ಊರಾಗ ಬಾಕಿ ಎಷ್ಟದ ಅಂತ ನಿಮಗ ಗೊತ್ತದ. ಅದರಾಗ ಕೈಗೆ ಬರೂದು ಎಷ್ಟು, ಅದು ಬೇಕಾಗ್ಯದ ಸರಕಾರಕ್ಕ. ಬರೂದು ಒಂದು ಕಡಿ, ಬಂದ್ರ ಬಂತು ಅನ್ನೂದು ಒಂದು ಕಡಿ, ಮುಳುಗಿದ್ದು ಒಂದು ಕಡಿ. ತಿಳೀತ್ರಿ. ಹಂಗಾರ ನಂದು ಮುಳುಗಿದ್ದರಾಗ ಹಾಕ್ರಿ! ಹೋದ ವರ್ಷ ಪಟ್ಟಿ ಯಾರು ಕೊಟ್ಟಾರ? ರಜಾಕಾರರು ಬಂದು ಇದ್ದ ಕಾಳು ಒಯ್ದ್ರು. ಗಡಿ ಆಚಿಯಿಂದ ಬಂದ ಹೋರಾಟದವ್ರು, ನಿಜಾಮಗ ಒಂದು ಪೈಸಾ ಕೊಡಬ್ಯಾಡ್ರಿ ಅಂದ್ರು. ಆಮ್ಯಾಲ ಈ ಹೊಸ ಸರಕಾರದ ದಂಡು ಬಂತು, ಆ ರಾಜ್ಯಾನ ಹೋತು. ಬಾಕಿ ಮಾತ್ರ ಹೋಗಲಿಲ್ಲ ನೋಡ್ರಿ, ನಿಮ್ಮ ಬಗಲಚೀಲದಾಗ ಕುಂತು ಶಹಾಪುರದಿಂದ ಇಲ್ಲೀತನಕ ಬಂದದ.

ನಗ್ರಿ, ನಗ್ರಿ. ನಕ್ಕರ ನಮ್ಮ ಮಂದಿಯಂಗ ಕಾಣ್ತೀರಿ. ಶಿರವಾಳದವ್ರಂತಲ್ಲ ನೀವು? ಗಿರ್ದಾವರ ಶಾಂತಪ್ಪನೋರು ಒಕ್ಕಲತನದ ಮನಿಯವ್ರು ಅಂತ ಕೇಳೀನಿ. ಅದಕ್ಕ ಮುಂಜಾನಿಯಿಂದ ಮನಿ ಒಳಗ ಹೊಗೂ ಮೊದಲ ತಿಪ್ಪಿ ನೋಡಾಕತ್ತೀರಿ. ತಿಪ್ಪಿ ದೊಡ್ಡದಿದ್ರ ದನ ಭಾಳ, ದನ ಭಾಳ ಇದ್ರ ಬಾಕಿ ಬರ್ತದ. ನಮ್ಮ ಮನ್ಯಾವ್ರೂ ಹಿಂಗ ಲೆಕ್ಕ ಹಾಕತಿದ್ರು. ನನ್ನ ತಿಪ್ಪಿ ನೋಡಿದ್ರಲ್ಲ? ಕೋಳಿ ಕೆದರಾಕೂ ಸಾಲಂಗಿಲ್ಲ.

ರೊಟ್ಟಿ? ಹೌದ್ರಿ, ಬುಟ್ಟಿ ತುಂಬ ರೊಟ್ಟಿ ಅವ. ಒಬ್ಬಾಕಿಗೆ ಇಷ್ಟ್ಯಾಕ ಅಂತೀರಾ? ನನಗ ಹಸಿವಿ ಭಾಳ. ಮತ್ತ... ಒಣಗಿಸಿ ಕಟಗ ಮಾಡಿ ಇಟಗೋತೀನಿ. ಕಾಳಿಲ್ಲಂದಾಕಿ ಹಿಟ್ಟು ಎಲ್ಲಿಂದ ತಂದಿ ಅಂತ ಕೇಳಬ್ಯಾಡ್ರಿ, ಕೈಗಡ ತಂದೀನಿ. ಅಜವಾನದ ವಾಸನಿ ನಿಮಗೂ ಬಂತಾ? ನನಗ ಹೊಟ್ಟಿನೋವು, ಅದಕ್ಕ. ನೀವು ಪಟ್ಟಿ ಕೇಳಾಕ ಬಂದೀರಾ, ನನ್ನ ಒಲಿ ಮೂಸಾಕ ಬಂದೀರಾ?

ಮುಂದಿಂದು ಓದ್ರಿ. ಮತ್ಯಾರದು... ಮಸ್ತಾನಸಾಬಂದಾ?

ಅದು ಮುಳುಗಿದ್ದರಾಗ ಬರಕೋರಿ. ಅವನ ಇಲ್ಲ. ಅಷ್ಟು ವರ್ಷ ನಮ್ಮ ಮನ್ಯಾವ್ರ ಬೆನ್ನಿಂದ ಓಡಾಡಿ ಊರ ಪಟ್ಟಿ ವಸೂಲು ಮಾಡಿಸಿದಾವ, ತನ್ನ ಎರಡೆಕರೆದ್ದು ಬಾಕಿ ಇಟ್ಟು ಹೋಗ್ಯಾನ. ಹ್ಯಾಂಗ ಹೋದ ಅಂತ ನನ್ನ ಕೇಳಬ್ಯಾಡ್ರಿ. ದಂಡು ಬಂದ ಮರುವಾರ ಕೆಳಗಿನ ಓಣಿಗೆ ಬೆಂಕಿ ಹ್ಯಾಂಗ ಬಿತ್ತು ಅಂತ ಹೊರಗ ಕುಂತವ್ರನ್ನ ಕೇಳ್ರಿ, ಪಂಪಣ್ಣನ್ನ ಕೇಳ್ರಿ... ಅಯ್ಯ ಶಿವನ, ಸಣ್ಣಗ ಮಾತಾಡ್ರಿ! ನಾ ಏನೂ ಅಂದಿಲ್ಲ. ನೀವೂ ಏನೂ ಕೇಳಿಲ್ಲ.

ಅವನ ಹೆಂಡ್ತಿ? ಮಸ್ತಾನಬಿ... ಅಕಿ ಹೋಗ್ಯಾಳ್ರಿ. ಯಾದಗಿರಿಗೆ ಹೋಗಿ ರೈಲು ಹತ್ಯಾಳ, ಹೈದರಾಬಾದಿಗೆ. ನಾ ಕಂಡಿಲ್ಲ, ಯಾರೋ ಅಂದ್ರು. ಸುರಪುರಕ್ಕ ತವರಮನಿಗೆ ಹೋದ್ಲು ಅಂತನೂ ಅಂದ್ರು. ಎರಡೂ ಕಡಿ ಹ್ಯಾಂಗ ಹೋಗ್ತಾಳ ಅಂತೀರಾ? ದಿನಾ ತುಂಬಿದ ಬಸುರಿ ಎಲ್ಲಿ ರೈಲು ಹತ್ತತಾಳ ಅಂತೀರಾ? ನನಗೇನು ಗೊತ್ರಿ! ಮುಳುಗಿದ್ದು ಅಂತ ಬರದುಬಿಡ್ರಿ, ಗಂಡನೂ ಇಲ್ಲ ಹೆಂಡ್ತಿನೂ ಇಲ್ಲ, ಪಟ್ಟಿ ಯಾರು ಕೊಡ್ತಾರ?

ಯಾಕ ಎದ್ರಿ? ನಿಂದರ್ರಿ... ಸಾಹೇಬ್ರ! ಹೇಳಿನಲ್ಲ ಖಾಲಿ ಅಂತ! ಖಾಲಿ ಇದ್ರ ತೋರಸಾಕ ಏನು ಅಂತೀರಾ... ಕೆಟ್ಟ ಗಾಳಿ ಇರ್ತದ್ರಿ ಒಳಗ. ಮುಚ್ಚಿದ ಹಗೇವು ತಟ್ಟನ ತೆರದು ಬಗ್ಗಿ ನೋಡಿದವ ಹೊಳ್ಳಿ ಏಳಂಗಿಲ್ಲ, ನಿಮಗ ಗೊತ್ತಿಲ್ಲೇನು? ಕಂದೀಲು ಇಳಿಸಿ ನೋಡ್ತೀರಾ? ಹಾವು... ಹಾವು ಅದ್ರಿ! ನಾನ ಕಂಡೀನಿ. ಪಂಪಣ್ಣ ಹೊಡೀತಾನಾ? ಬ್ಯಾಡ! ಅವನ್ನ ಮಾತ್ರ ಹಿತ್ತಲಕ್ಕ ಕರೀಬ್ಯಾಡ್ರಿ, ನಿಮ್ಮ ಕಾಲ ಬೀಳ್ತೀನಿ!

ತಡೀರಿ. ತಡೀರಿ, ಖರೇನ ಹೇಳ್ತೀನಿ. ಖಾಲಿ ಇಲ್ಲ ಅದು. ತುಂಬ್ಯದ. ಇಪ್ಪತ್ತು ಚೀಲ ಬಿಳಿಜ್ವಾಳ. ಸುಳ್ಳು ಹೇಳಿದೆ, ತಪ್ಪಾತು. ಸರಕಾರದ ಮುಂದ ನನ್ನ ಮನ್ಯಾಗ ಕಾಳು ಅದ ಅಂತ ಯಾವಾಕಿ ಹೇಳ್ತಾಳ್ರಿ? ಮೈದುನಗ ಗೊತ್ತಾದ್ರ ಪಾಲು ಕೇಳ್ತಾನ, ಅದಕ್ಕ ಅವನ್ನ ಕರೀಬ್ಯಾಡ್ರಿ ಅಂದೆ. ರೊಟ್ಟಿ ಎಲ್ಲಿಂದ ಬಂದ್ವು ಅಂತ ನಿಮಗ ತಿಳೀತಿಲ್ಲ? ಶ್ಯಾಣ್ಯಾ ಇದ್ದೀರಿ ನೀವು. ಬರಕೋರಿ. ಇಪ್ಪತ್ತು ಚೀಲ ಬರಕೋರಿ, ಖಾತ್ರಿ ಬರೂದು ಅಂತ ಬರಕೋರಿ! ನೀವು ಹೇಳಿದ ದಿನಾ ತುಂಬತೀನಿ. ಕಲ್ಲು ಮಾತ್ರ ಈಗ ಕದಲಸೂದು ಬ್ಯಾಡ, ಹುಳಾ ಬೀಳ್ತಾವ. ಕೊಡಾಕಿ ನಾನ ಕೊಡ್ತೀನಿ ಅಂದ ಮ್ಯಾಲ ತೆರದು ನೋಡೂದೇನು?

ಹಾಂ... ಬರೀರಿ. ಬರದ್ರಿ? ಎದಿ ಹಗರ ಆತು ನನಗ. ಇನ್ನ ನೀವು ಹೊಂಡ್ರಿ, ಬಿಸಲೇರತದ.

ಚೀಲದಾಗಿಂದ ಏನು ತೆಗದ್ರಿ ಅದು? ಅರಗಾ... ಮೊಹರು ಯಾಕ್ರಿ? ಬರೂದು ಅಂತ ಬರದ ಮಾಲು ಅವತ್ತ ಜಪ್ತಿ ಆಗಬೇಕಾ? ಇವತ್ತ? ಈಗ? ಇದು ನನಗ ಗೊತ್ತಿದ್ದಿಲ್ರಿ. ಗೊತ್ತಿದ್ದಿಲ್ಲ! ಅಳಿಸ್ರಿ ಅದನ್ನ, ಮುಳುಗಿದ್ದು ಅಂತ ಹಾಕ್ರಿ... ಪಂಪಣ್ಣನ್ನ ಯಾಕ ಕೂಗಿದ್ರಿ? ಮಣ್ಣು ಕಲಸು ಅಂತ ಹೇಳಿದ್ರಿ? ಬ್ಯಾಡ್ರಿ, ಮಣ್ಣು ಬ್ಯಾಡ! ಕಲ್ಲಿನ ಮ್ಯಾಲ ಒಂದು ಬೊಟ್ಟು ಅರಗು ಸಾಕು. ಸುತ್ತಲೂ ಮೆತ್ತಬೇಕಾ? ಒಂದು ಇರವಿನೂ ಹೊಗದಂಗ ಮೆತ್ತಬೇಕಾ... ಮನಿ ಬಾಗಿಲಿಗೆ ಮೊಹರು ಹಾಕ್ರಿ, ನಾ ಹೊರಗ ಮಲಗತೀನಿ! ಕಿವಿಯಾನ ಬೆಂಡವಾಲಿ ಬಿಚ್ಚಿ ಕೊಡ್ತೀನಿ, ಬಂಗಾರದವು, ಇವನ್ನ ಒಯ್ರಿ... ಲಂಚ ಅಲ್ರಿ, ಲಂಚ ಅಲ್ಲ!

ಸಾಹೇಬ್ರ, ಹಿತ್ತಲದಾಗ ಮೆಲ್ಲಕ ನಡೀರಿ. ಆ ಜ್ವಾಳದ ಕಣಕಿ ಸರಸಬ್ಯಾಡ್ರಿ... ಹಾಂ. ಅದ ಕಲ್ಲು. ಹೌದ್ರಿ, ಸಂದಿ ಅದ. ನಾನ ಬಿಟ್ಟೀನಿ, ಗಾಳಿ ಆಡ್ಲಿ ಅಂತ. ಅಷ್ಟು ಬಿಟ್ಟು ಉಳಿದದ್ದು ಮೆತ್ರಿ.

ಯಾಕ ಹಂಗ ನೋಡ್ತೀರಿ?

ಜ್ವಾಳಕ್ಕ ಗಾಳಿ ಬ್ಯಾಡ. ಗೊತ್ತದ್ರಿ. ಗಾಳಿ ಹೊಕ್ಕರ ಮುಗ್ಗು ಹಿಡೀತದ, ಹುಳಾ ಬೀಳ್ತಾವ, ಗೊತ್ತದ. ನಾನೂ ಒಕ್ಕಲತನದ ಮನಿಯಾಗ ಹುಟ್ಟಿದಾಕಿ, ನೀವೂ ಹಂಗ... ಮಾತಾಡ್ರಿ. ಬೈರಿ. ಸುಳಬುರುಕಿ ಅನ್ರಿ. ಕಲ್ಲಿಗೆ ಕಿವಿ ಯಾಕ ಹಚ್ಚಿದ್ರಿ? ಆ ಸಪ್ಪಳ ಏನದು ಅಂತ ವಿಚಾರಸ್ರಿ ನನ್ನ. ಬೆಕ್ಕು ಅಂತೀನಿ, ಇಲಿ ಅಂತೀನಿ, ಏನರ ಹೇಳ್ತೀನಿ... ವಿಚಾರಸವಲ್ರಿ ನೀವು. ನಿಮಗ ಗೊತ್ತಾತು.

ಕೂಸು ಅದು. ಹೆಣ್ಣುಕೂಸು. ಮಸ್ತಾನಬಿ ಆ ತೆಗ್ಗಿನಾಗ ಹಡದಾಳ, ನಾನ ಇಳದು ಹೊಕ್ಕುಳ ಕೊಯ್ದೀನಿ. ಬೆಚ್ಚಗ ಮಲಗಸಬೇಕಾದ ಬಾಣಂತಿನ್ನ ನೆಲದಾಗ ಹುಗದಂಗ ಇಟ್ಟೀನಿ. ಮನ್ಯಾಗ ಹ್ಯಾಂಗ ಇಡಲಿ? ಪಂಪಣ್ಣ ಹೊತ್ತು ಗೊತ್ತು ಇಲ್ಲದ ಬರ್ತಾನ. ಅವನೂ ಅವನ ಕಡಿಯವ್ರೂ ಅಕಿನ್ನ ಹುಡುಕಾಕತ್ತಾರ. ಗಂಡನ್ನ ಕಡದವ್ರು ಯಾರು ಅಂತ ಅಕಿ ಕಣ್ಣಾರೆ ಕಂಡಾಳ, ಅದಕ್ಕ. ಈಗ ಮಣ್ಣು ಮೆತ್ತಿದ್ರ ಉಸರು ಕಟ್ಟಿ ಸಾಯ್ತಾರ. ಮೆತ್ತಲಿಲ್ಲಂದ್ರ, ಯಾಕ ಮೆತ್ತಲಿಲ್ಲ ಅಂತ ಅವ ಕಲ್ಲು ಎತ್ತತಾನ. ಬರದದ್ದು ಬರದದ್ದ ಇರಲಿ, ಇಪ್ಪತ್ತು ಚೀಲ ಹೊಲ ಮಾರಿ ತುಂಬತೀನಿ, ಸರಕಾರದ್ದು ಒಂದು ಕಾಳು ಮುಳುಗಸಂಗಿಲ್ಲ. ಏನರ ಅನ್ರಿ... ಹೂಂ ಅನ್ರಿ, ಇಲ್ಲ ಅನ್ರಿ!

ಬಂದ. ಪಂಪಣ್ಣ ಬಂದ.

ತಾರೋ ಪಂಪಣ್ಣಾ, ತಾ, ಇಲ್ಲೇ ಇಳಸು ಮಣ್ಣಿನ ಬುಟ್ಟಿ! ಇಪ್ಪತ್ತು ಚೀಲ ಜಪ್ತಿ ಆತು, ನಿನಗ ಸಮಾಧಾನ ಆತಿಲ್ಲ? ಏನಂದಿ, ಯಾರು ಅಳಾಕತ್ತಾರ? ನಾನ ಅಳಾಕತ್ತೇನಿ! ಮನಿ ಜ್ವಾಳ ಹೋದ್ರ ಅಳಬಾರದೇನು? ಅಯ್ಯಯ್ಯೋ, ಮಾವನೋರ ಹಗೇವು ಹೋತಲ್ಲೋ... ಅಯ್ಯೋ ನನ್ನ ಶಿವನ, ಕೂಳಿಲ್ಲದಂಗ ಆತಲ್ಲೋ... ಅರಗು ಕಾಸಾಕ ಕೆಂಡ ತಾ ಅಂತ ಸಾಹೇಬ್ರು ಕೈ ಮಾಡಿ ತೋರಸಾಕತ್ತಾರ, ಕಾಣವಲ್ದಾ? ಹೋಗು, ಒಲ್ಯಾಗ ಅದ, ಹೋಗು!

ಹೋದ. ಯಪ್ಪಾ, ಅವನ್ನ ಕಳಿಸಿದ್ರಿ... ಮಣ್ಣು ನೀವ ಮೆತ್ತತೀರಾ? ನಿಮ್ಮ ಕೈಲೇ? ಮೊಹರು ಬಿದ್ದ ಮ್ಯಾಲ ಅವ ಮುಟ್ಟಂಗಿಲ್ಲ ಅಂತನಾ? ಮುಟ್ಟಂಗಿಲ್ಲ, ಸರಕಾರದ ಮೊಹರಿಗೆ ಅಂಜತಾನ. ಆದ್ರ ಆ ಸಂದಿ... ಗ್ವಾಡಿ ಕಡಿ ಸಂದಿ ಮುಚ್ಚಬ್ಯಾಡ್ರಿ. ಮುಚ್ಚಬ್ಯಾಡ್ರಿ ಅಂದ್ರ ಮುಚ್ಚಾಕತ್ತೀರಿ! ಸಾಹೇಬ್ರ...

ಬೆರಳು. ಹಸಿ ಮಣ್ಣಿನ ನಡುವ ಬೆರಳು ಇಟ್ಟೀರಿ, ಗಾಳಿ ಹೋಗೂ ತೂತಿಗೆ.

ಕಾಣಂಗಿಲ್ರಿ, ನಾ ಮ್ಯಾಲ ಕಣಕಿ ಒಗೀತೀನಿ. ನಾಳಿ ಮಾಲು ಒಯ್ಯೂ ನೆವದಾಗ ಅವರನ್ನ ಒಯ್ಯಾಕ ಬಂಡಿ ತಗೊಂಡು ನೀವ ಬರ್ತೀರಿಲ್ಲ? ತಲಿ ಅಲ್ಲಾಡಸಿದ್ರಿ... ಹೂಂ ಅಂತನ ತಿಳಕೋತೀನಿ. ಒಳಗ ನೀರದ, ರೊಟ್ಟಿ ಅದ, ಒಂದು ರಾತ್ರಿ ಕಳೀತಾರ. ಕೆಂಡ ತಗೊಂಡು ಹೊಳ್ಳ್ಯಾನ, ನಾ ಮತ್ತ ಅಳತೀನಿ. ನೀವು ಬೆರಳು ತೆಗೀಬ್ಯಾಡ್ರಿ ಯಪ್ಪಾ... ಮಣ್ಣು ಬಿಗಿಯೂತನಕ ತೆಗೀಬ್ಯಾಡ್ರಿ.