ಶಿರಗುಪ್ಪಿಯ ಒಂದೇ ಶುದ್ಧ ತತ್ತಿ

ಅದು ೧೯೯೮ರ ಮಾತು. ಹುಬ್ಬಳ್ಳಿ ಹಳೇ ಬಸ್ ಸ್ಟ್ಯಾಂಡಿನಲ್ಲಿ ಧಾರವಾಡದ ಬಸ್ಸಿಗೆ ಕಾಯುತ್ತಿದ್ದ ಮೈಲಾರಿ ಮಾಸ್ತರರು ಪೇಪರನ್ನು ಮುಖಕ್ಕೆ ಹಿಡಿದಿದ್ದರು. ಕಿವಿ ಮಾತ್ರ ಪಕ್ಕದ ಬೆಂಚಿನ ಮೇಲಿತ್ತು. ಅಲ್ಲಿ ಶಿರಗುಪ್ಪಿಯ ಶೇವಂತೆವ್ವ, ನೆರೆಮನೆಯ ರುಕ್ಮವ್ವನನ್ನು ವಿಚಾರಿಸಿಕೊಳ್ಳುತ್ತಿದ್ದಳು.

“ಧಾರವಾಡ ಕೃಷಿ ಕಾಲೇಜಿನ ಮೇಡಮ್ಮಾರು ಊರ ಕೋಳಿ ತತ್ತಿ ಎಲ್ಲಾ ತಪಾಸಣಿ ಮಾಡ್ಸ್ಯಾರ. ಎಲ್ಲಾರ ತತ್ತ್ಯಾಗೂ ಹತ್ತಿಗೆ ಹೊಡಿಯೋ ವಿಷ ಸಿಕ್ಕೈತಿ. ನಿಂದೊಂದ ಶುದ್ಧ! ಅದೇನ್ ಹಾಕ್ತಿಯವಾ ಕೋಳಿಗೆ?”

“ಏನೂ ಇಲ್ಲಕ್ಕಾ.”

“ಸೋಮವಾರ ನಿನ್ನ ಕೋಳಿ ನೋಡಾಕ ಬರ್ತಾರಂತ. ಫೋಟೋನೂ ತಗೀತಾರಂತ.”

“ಅದಕ್ಕ ನನಗ ನಿದ್ದಿ ಇಲ್ಲ. ಆ ತತ್ತಿ ಪ್ಯಾಟಿ ಅಂಗಡೀದು.”

ಮಾಸ್ತರರ ಬಸ್ಸು ಬಂತು, ಹೋಯಿತು. ಪೇಪರಿನ ಹಾಳೆ ಮಗುಚಲಿಲ್ಲ.

“ಮನ್ಯಾಗ ಕೋಳಿ ಇಟ್ಕೊಂಡು ಅಂಗಡಿ ತತ್ತಿ ಕೊಟ್ಟಿ?”

“ಕೋಳಿ ಎಲ್ಲೈತಿ? ಮೇಡಮ್ಮಾರು ಮೊದಲ ಸಲ ಬಂದಾಗ ಊಟದ ಹೊತ್ತು. ಮನೀಗೆ ಬಂದವರನ್ನ ಹಸದ ಕಳಸೂದ ಹೆಂಗ? ಇದ್ದದ್ದೊಂದ ಕೋಳಿ, ಕೊಯ್ದು ಸಾರು ಮಾಡಿದ್ನಿ. ಛಲೋ ಐತಿ ಅಂತ ಎರಡ ಸಲ ಹಾಕಿಸ್ಕೊಂಡ್ರು. ಕೈ ತೊಳ್ಕೊಂಡ ಮ್ಯಾಲ ಹೇಳಿದ್ರು, ‘ನಿಮ್ಮ ಕೋಳಿ ತತ್ತಿ ಬೇಕಾಗಿತ್ತು’ ಅಂತ!”

“ಅಯ್ಯ ಶಿವನ! ನಿನ್ನ ಕೋಳಿ ಮೇಯ್ತಿದ್ದದ್ದೂ ನಮ್ಮ ಹತ್ತಿ ಹೊಲದಾಗ ಅಲ್ಲೇನ?”

“ಮತ್ತೆಲ್ಲಿ?”

ಶಿರಗುಪ್ಪಿ ಬಸ್ಸು ಬಂತು. ಇಬ್ಬರೂ ಬುಟ್ಟಿ ಎತ್ತಿಕೊಂಡು ಓಡಿದರು. ಮಾಸ್ತರರೂ ಎದ್ದು ನಾಲ್ಕು ಹೆಜ್ಜೆ ಹಿಂದೆಯೇ ಹೋದರು.

“ಸೋಮವಾರ ಕೋಳಿ ಎಲ್ಲಿ ಅಂದ್ರ ಏನ್ ಹೇಳ್ಲಿ ಯಕ್ಕಾ?”

ಮೆಟ್ಟಿಲ ಮೇಲಿಂದ ಶೇವಂತೆವ್ವ ಕೂಗಿ ಹೇಳಿದಳು:

“ಖರೇನ ಹೇಳು. ನಿಮ್ಮ ಹೊಟ್ಟ್ಯಾಗ ಐತ್ರಿ, ತಪಾಸಣಿ ಅಲ್ಲೇ ಮಾಡ್ರಿ ಅನ್ನು!”