ಬೆನ್ನ ಮೇಲಿನ ಬೀಗದಕೈ

ಸಹಾರಾ ಅಂಚಿನ ಅಗದೇಸ್ ಊರಿನ ಬಸ್ ನಿಲ್ದಾಣದಲ್ಲಿ ಟಿಕೆಟಿನ ಸಾಲು ಅಲುಗಾಡದೆ ನಿಂತಿತ್ತು. ಕಮ್ಮಾರ ರಿಸಾನ ಕಣ್ಣು ಮುಂದೆ ನಿಂತಿದ್ದ ಮುದುಕಿಯ ಬೆನ್ನಿನ ಮೇಲೆ ಬಿತ್ತು. ತಲೆವಸ್ತ್ರದ ತುದಿಗೆ ಕಟ್ಟಿದ್ದ, ಅಂಗೈಯುದ್ದದ ಹಿತ್ತಾಳೆಯ ಬೀಗದಕೈ ಅಲ್ಲಿ ತೂಗುತ್ತಿತ್ತು. ಅಂಥದನ್ನು ಅವನು ಈಗ ಪ್ರವಾಸಿಗರಿಗೆಂದಷ್ಟೇ ಮಾಡುತ್ತಾನೆ. ಮುದುಕಿಯ ಮೊಮ್ಮಗಳು ನಗುತ್ತಿದ್ದಳು.

“ನೀನು ಸಕ್ಕರೆ ಇಟ್ಟು ಬೀಗ ಹಾಕ್ತಿದ್ದ ತೊಗಲಿನ ಚೀಲ ಹರಿದು ಎಷ್ಟು ವರ್ಷ ಆಯ್ತಜ್ಜಿ! ಬೀಗದಕೈ ಮಾತ್ರ ಹೊತ್ಕೊಂಡು ತಿರುಗ್ತೀಯಲ್ಲ.”

“ಹೊತ್ರೆ ನಿನಗೇನೇ ಭಾರ, ಗೈಶಾ?”

“ಒಂದು ಚೂರು ಸಕ್ಕರೆಗೆ ಅತ್ತು ಕರೆದ್ರೂ ಬೀಗ ತೆಗೀಲಿಲ್ಲ ನೀನು. ಮೊಮ್ಮಕ್ಕಳೇನು ಕಳ್ಳರಾ?”

“ಕಳ್ಳರೇ! ನಿಮ್ಮ ತಾತ ನಿಮಗಿಂತ ದೊಡ್ಡ ಕಳ್ಳ. ನಾನೂ ಕಮ್ಮಿ ಇರ್ಲಿಲ್ಲ. ಬೀಗ ಇಲ್ದಿದ್ರೆ ಎರಡೇ ದಿನದಲ್ಲಿ ನಾವೇ ನೆಕ್ಕಿ ಮುಗಿಸ್ತಿದ್ವಿ.”

“ಮುಗೀಲಿ ಬಿಡು, ನಮ್ಮದೇ ಸಕ್ಕರೆ.”

“ಆಮೇಲೆ ಮರಳುಗಾಡು ದಾಟಿ ಬಂದೋರಿಗೆ ಏನು ಕೊಡ್ಲಿ, ನಿನ್ನ ಮುಖಾನಾ? ಆ ಬರಗಾಲದ ವರ್ಷ ಉಪ್ಪು ಹೊತ್ತ ಒಂಟೆ ಹೊಡ್ಕೊಂಡು ಹನ್ನೊಂದು ಜನ ಬಂದ್ರು. ಸುತ್ತ ಯಾವ ಗುಡಾರದಲ್ಲೂ ಸಕ್ಕರೆ ಇಲ್ಲ. ನಾನು ಬೀಗ ತೆಗೆದೆ. ನಮ್ಮ ಪದ್ಧತಿ ಪ್ರಕಾರ ಒಬ್ಬೊಬ್ಬರಿಗೂ ಮೂರು ಲೋಟ ಟೀ ಕೊಟ್ಟೆ. ಮೂರನೇದೂ ಸಿಹಿಯಾಗೇ ಇತ್ತು.”

“ರಾಜಧಾನಿ ನಿಯಾಮೆಯ ನಮ್ಮ ಮನೇಲಿ ಸಕ್ಕರೆ ಡಬ್ಬಿಗೆ ಮುಚ್ಚಳಾನೂ ಇಲ್ಲ.”

“ಗೇಟಿಗೆ ಬೀಗ ಇದೆಯಲ್ಲ! ಹೋದ ಸಲ ಬಿಸಿಲಲ್ಲಿ ನಿಂತು ಎಷ್ಟು ಬಡಿದೆ ನಾನು!”

ಮುದುಕಿ ವಸ್ತ್ರದ ತುದಿಯನ್ನು ಮುಂದಕ್ಕೆಳೆದು ಬೀಗದಕೈಯನ್ನು ಅಂಗೈಯಲ್ಲಿ ಹಿಡಿದಳು.

“ನನ್ನ ಬೀಗ ಇದ್ದದ್ದು ಸಕ್ಕರೆಗೆ ಕಣೇ, ಬಂದೋರಿಗಲ್ಲ.”

ಸಾಲು ಸರಿಯಿತು. ಮುದುಕಿ ವಸ್ತ್ರವನ್ನು ಮತ್ತೆ ಹೆಗಲ ಮೇಲೆಸೆದು ಕಿಟಕಿಯತ್ತ ನಡೆದಳು. ಬೀಗದಕೈ ಬೆನ್ನಿಗೆ ಧಪ್ಪನೆ ಬಡಿಯಿತು.